ಪಾಪ್-ಅಪ್ ಕ್ಯಾಂಪರ್: ಮಡಚಿದರೆ ಎಷ್ಟೆತ್ತರ, ಬಿಚ್ಚಿದರೆ ಎಷ್ಟೆತ್ತರ?

ಹೈಲಕ್ಸೋ ವಿ-ಕ್ರಾಸೋ ಥರದ ಪಿಕಪ್ ಗಾಡಿ ಇಟ್ಟುಕೊಂಡವರ ಮುಂದೆ, ಅದರ ಹಿಂದೆ ಕೂರಿಸಿ ಒಳಗೆ ಮಲಗಬಹುದಾದ ಪಾಪ್-ಅಪ್ ಕ್ಯಾಂಪರಿನ ಮಾತೆತ್ತಿದರೆ ಬೆಂಗಳೂರಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಬೇಸ್‌ಮೆಂಟಿಗೆ ಇಳಿಯುತ್ತಾ?" ಬಹುಪಾಲು ಇಳಿಯುವುದಿಲ್ಲ. ಹಾಗಾದರೆ ಮಡಚುವ ಮಾಡು (ಚಾವಣಿ) ಯಾಕೆ ಬೇಕು, ಗಟ್ಟಿ ಪೆಟ್ಟಿಗೆಯನ್ನೇ ಕೂರಿಸಬಹುದಲ್ಲ ಎಂದರೆ, ಅದಕ್ಕೆ ಉತ್ತರ ಅಳತೆಗಳಲ್ಲಿದೆ. ಆ ಅಳತೆಗಳು ಕ್ಯಾಂಪರ್ ಮಾರುವವರ ಕ್ಯಾಟಲಾಗಿನಲ್ಲಿ ಸಿಗುವುದಿಲ್ಲ. ಕ್ಯಾಟಲಾಗು ಹೇಳುವುದು ಬರೀ ಪೆಟ್ಟಿಗೆಯ ಎತ್ತರ. ರಸ್ತೆಯಲ್ಲಿ ಓಡಾಡುವುದು ಪೆಟ್ಟಿಗೆ, ಗಾಡಿ, ಒಳಗಿನ ಸಾಮಾನು ಮೂರೂ ಸೇರಿದ ಎತ್ತರ.

ಮೊದಲು ವಸ್ತು ಏನೆಂದು ನೋಡೋಣ. ಪಿಕಪ್ಪಿನ ಹಿಂದಿನ ಬಾಡಿಯೊಳಗೆ ಒಂದು ಪೆಟ್ಟಿಗೆ ಕೂರುತ್ತದೆ. ಅದರ ಮುಂಭಾಗ ಕ್ಯಾಬಿನ್ನಿನ ಮಾಡಿನ ಮೇಲೆ ಚಾಚಿಕೊಂಡಿರುತ್ತದೆ, ಮಲಗುವ ಜಾಗ ಅದೇ. ಪೆಟ್ಟಿಗೆಯ ಮೇಲ್ಭಾಗದ ಗೋಡೆ ತಗಡಿನದ್ದಲ್ಲ, ದಪ್ಪ ಬಟ್ಟೆಯದು. ನಿಂತ ಮೇಲೆ ಮಾಡನ್ನು ಎತ್ತಿದರೆ ಹಾರ್ಮೋನಿಯಂ ತಿದಿಯ ಹಾಗೆ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಹೊರಡುವಾಗ ಮಾಡು ಇಳಿಸಿ, ಬಟ್ಟೆಯನ್ನು ಒಳಕ್ಕೆ ತಳ್ಳಿ, ಕೊಂಡಿ ಹಾಕಿದರೆ ಆಯಿತು. ಅಮೆರಿಕದಲ್ಲಿ ಇದು ಹಳೆಯ ಸಂಗತಿ. ಫೋರ್ ವೀಲ್ ಕ್ಯಾಂಪರ್ಸ್ ಕಂಪನಿ 1972ರಿಂದ ಇದನ್ನೇ ಮಾಡುತ್ತಿದೆ. ಅಲಾಸ್ಕನ್ ಕ್ಯಾಂಪರ್ ಎಂಬುದು ಅದಕ್ಕೂ ಹಿಂದೆ, 1950ರ ದಶಕದಿಂದ, ಬಟ್ಟೆಯೇ ಇಲ್ಲದೆ ಗಟ್ಟಿ ಗೋಡೆಗಳು ಒಂದರೊಳಗೊಂದು ಇಳಿಯುವ ಕ್ಯಾಂಪರ್ ಮಾಡುತ್ತ ಬಂದಿದೆ.

ಈಗ ಲೆಕ್ಕ. ಹೈಲಕ್ಸಿನ ಎತ್ತರ ಕ್ಯಾಟಲಾಗಿನಂತೆ 1,815 ಮಿ.ಮೀ. ಅದರ ಮೇಲೆ ಕ್ಯಾಂಪರಿನ ತಳಕ್ಕೂ ಕ್ಯಾಬಿನ್ ಮಾಡಿಗೂ ನಡುವೆ 90 ಮಿ.ಮೀ. ಖಾಲಿ ಜಾಗ ಬಿಡೋಣ (ಇಷ್ಟೊಂದು ಯಾಕೆ ಎಂಬುದು ಮುಂದೆ ಬರುತ್ತದೆ). ತಳದ ಹಲಗೆ 40, ಹಾಸಿಗೆ 100, ಮಡಚಿದ ಬಟ್ಟೆಗೆ ಮತ್ತು ಎತ್ತುವ ಕೈಗಳಿಗೆ 120, ಮಾಡಿನ ದಪ್ಪ 40. ಎಲ್ಲ ಕೂಡಿದರೆ 2,205. ಅಂದರೆ ಏನನ್ನೂ ಹೊತ್ತಿರದ ಬೋಳು ಮಾಡಿನ ಕ್ಯಾಂಪರ್ ಸುಮಾರು 2.2 ಮೀಟರ್. ಮಾಡಿನ ಮೇಲೆ ಗಾಳಿಯಾಡಲು ಫ್ಯಾನಿನ ಕಿಂಡಿ ಕೂರಿಸಿದರೆ ಇನ್ನೊಂದು ಹತ್ತು ಸೆಂಟಿಮೀಟರ್ ಏರುತ್ತದೆ. ಸೋಲಾರ್ ಪ್ಯಾನೆಲ್ ಬ್ರ್ಯಾಕೆಟ್ ಸಮೇತ ಐದಾರು ಸೆಂ.ಮೀ., ಆದರೆ ಅದು ಫ್ಯಾನಿನ ಪಕ್ಕದಲ್ಲಿ ಕೂರುವುದರಿಂದ ಎರಡನ್ನೂ ಕೂಡಿಸಬೇಕಿಲ್ಲ, ಎತ್ತರದ್ದು ಯಾವುದೋ ಅದನ್ನು ಮಾತ್ರ ಹಿಡಿಯಬೇಕು. ಏಸಿ ಯೂನಿಟ್ಟನ್ನು ಮಾಡಿನ ಮೇಲಿಟ್ಟರೆ ಒಂದಡಿ ಹತ್ತಿರ ಹೋಗುತ್ತದೆ, ಮಡಚುವ ಮಾಡಿನ ಲಾಭದಲ್ಲಿ ಅರ್ಧ ಅಲ್ಲೇ ಹೋಯಿತು. ನನ್ನ ಅಭಿಪ್ರಾಯ ಕೇಳಿದರೆ ಕರ್ನಾಟಕದ ಮಲೆನಾಡಿಗೆ ಹೋಗುವವರಿಗೆ ಮಾಡಿನ ಏಸಿ ಬೇಡವೇ ಬೇಡ.

ಇನ್ನು ಬಿಚ್ಚಿದಾಗಿನ ಎತ್ತರ. ಹಿಂದಿನ ಬಾಡಿಯ ನೆಲ ರಸ್ತೆಯಿಂದ 85 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ, ಕ್ಯಾಂಪರಿನ ನೆಲಹಾಸು ಮೂರು. ಆರಡಿಯವರು ತಲೆ ಬಗ್ಗಿಸದೆ ನಿಲ್ಲಲು 190 ಬೇಕು, ಮಾಡಿನ ದಪ್ಪ ನಾಲ್ಕು. ಒಟ್ಟು 282 ಸೆಂ.ಮೀ. ಮಡಚಿದ್ದಕ್ಕೂ ಬಿಚ್ಚಿದ್ದಕ್ಕೂ ಅಂತರ ಸುಮಾರು 62 ಸೆಂ.ಮೀ., ಎರಡಡಿಯಷ್ಟು. ಗಟ್ಟಿ ಗೋಡೆಯ ಕ್ಯಾಂಪರ್ ಆದರೆ ಈ ಎರಡಡಿಯನ್ನು ದಾರಿಯುದ್ದಕ್ಕೂ ತಲೆಯ ಮೇಲೆ ಹೊತ್ತೇ ಓಡಬೇಕು, ಎದುರುಗಾಳಿಗೂ ಅಷ್ಟೇ ಮೈ ಒಡ್ಡಬೇಕು.

ಇದೇ ಅಂಕಿಗಳಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ, ಖರೀದಿಸುವವರು ಇದನ್ನು ಕೇಳುವುದೇ ಇಲ್ಲ. ಮಲಗುವ ಜಾಗದಲ್ಲಿ ಹಾಸಿಗೆಯ ಮೇಲ್ಮೈ 204 ಸೆಂ.ಮೀ. ಎತ್ತರದಲ್ಲಿದೆ, ಮಾಡಿನ ಒಳಮೈ 278ರಲ್ಲಿ. ಮಧ್ಯೆ ಉಳಿದದ್ದು 74. ದೊಡ್ಡವರು ನೆಟ್ಟಗೆ ಕೂತರೆ ಸೊಂಟದಿಂದ ತಲೆಯವರೆಗೆ 85ರಿಂದ 90 ಬೇಕು. ಅಂದರೆ ಕೆಳಗೆ ಆರಾಮಾಗಿ ನಿಲ್ಲಬಹುದು, ಮೇಲೆ ಬೆಳಗ್ಗೆ ಎದ್ದು ಕೂತು ಕಾಫಿ ಕುಡಿಯಲಾಗುವುದಿಲ್ಲ. ಮಾಡನ್ನು ಇನ್ನೂ 15 ಸೆಂ.ಮೀ. ಎತ್ತುವ ಹಾಗೆ ಮಾಡಿಸಬಹುದು. ಆದರೆ ಬಟ್ಟೆ ಉದ್ದವಾದಷ್ಟೂ ಮಡಚಿದಾಗ ದಪ್ಪವಾಗುತ್ತದೆ, 120 ಎಂದು ಬಿಟ್ಟ ಜಾಗ ಸಾಲದೆ ಹೋಗುತ್ತದೆ. ಹಾಸಿಗೆಯ ಮೇಲೆ ರಗ್ಗು ದಿಂಬು ಹಾಗೇ ಬಿಟ್ಟು ಮಾಡು ಇಳಿಸಿದರೂ ಇದೇ ತೊಂದರೆ, ಕೊಂಡಿ ಕೂರುವುದಿಲ್ಲ.

ಬೇಸ್‌ಮೆಂಟಿನ ಬಾಯಲ್ಲಿ

ಮಾಲ್‌ಗಳ, ಆಸ್ಪತ್ರೆಗಳ, ದೊಡ್ಡ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್ ಬಾಯಲ್ಲಿ ಎರಡು ಸರಪಳಿಗೆ ತೂಗುಹಾಕಿದ ಹಳದಿ-ಕಪ್ಪು ಪಟ್ಟೆಯ ಪೈಪು ಇರುತ್ತದಲ್ಲ, ಅದರ ಮೇಲೆ ಸಾಮಾನ್ಯವಾಗಿ 2.1 ಮೀಟರ್ ಎಂದೋ ಅದರ ಆಸುಪಾಸಿನ ಅಂಕಿಯನ್ನೋ ಬರೆದಿರುತ್ತಾರೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಬೇಸ್‌ಮೆಂಟಿಗೆ ಕನಿಷ್ಠ 2.4 ಮೀಟರ್ ಎತ್ತರ ಹೇಳುತ್ತದೆ. ಆದರೆ ಚಾವಣಿಯ ಕೆಳಗೆ ಬೆಂಕಿ ನಂದಿಸುವ ನೀರಿನ ಕೊಳವೆ, ಗಾಳಿ ಎಳೆಯುವ ತಗಡಿನ ಡಕ್ಟು, ಕೇಬಲ್ ಟ್ರೇ ಎಲ್ಲ ಜೋತುಬಿದ್ದ ಮೇಲೆ ಗಾಡಿಗೆ ಉಳಿಯುವುದು ಪೈಪಿನ ಮೇಲೆ ಬರೆದಷ್ಟೇ. ಗೇಟಿನ ಸೆಕ್ಯೂರಿಟಿಯವರು "ಸಾರ್, ಪೈಪು ತಾಗಿದ್ರೆ ಅಲ್ಲೇ ವಾಪಸ್ ತಗೊಳ್ಳಿ, ಒಳಗಡೆ ಸ್ಪ್ರಿಂಕ್ಲರ್ ಇದೆ" ಅನ್ನುವುದು ದರ್ಪದಿಂದಲ್ಲ. ಒಂದು ಸ್ಪ್ರಿಂಕ್ಲರ್ ತಲೆ ಮುರಿದರೆ ಬೇಸ್‌ಮೆಂಟೇ ಕೆರೆ.

ಇಲ್ಲಿ ಪೈಪನ್ನು ಕೂದಲೆಳೆಯಲ್ಲಿ ದಾಟಿದವರಿಗೂ ಒಂದು ಅಪಾಯ ಕಾದಿದೆ. ರ‍್ಯಾಂಪು ಇಳಿದು ಸಮತಟ್ಟು ನೆಲ ಸಿಗುವ ಜಾಗದಲ್ಲಿ ಮುಂದಿನ ಚಕ್ರ ಸಮನೆಲದಲ್ಲಿರುತ್ತದೆ, ಹಿಂದಿನದು ಇನ್ನೂ ಇಳಿಜಾರಿನಲ್ಲಿರುತ್ತದೆ. ಆಗ ಗಾಡಿಯ ನಡುಭಾಗ ಕೆಳಗಿನ ನೆಲಕ್ಕಿಂತ ಮೇಲೆದ್ದಿರುತ್ತದೆ. ಎಷ್ಟು ಮೇಲೆ? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರವನ್ನು (ವೀಲ್‌ಬೇಸ್) ನಾಲ್ಕರಿಂದ ಭಾಗಿಸಿ, ಇಳಿಜಾರಿನ ಪ್ರಮಾಣದಿಂದ ಗುಣಿಸಿ. ಹೈಲಕ್ಸಿನ ವೀಲ್‌ಬೇಸ್ 3,085 ಮಿ.ಮೀ. ಹತ್ತಡಿಗೆ ಒಂದಡಿ ಇಳಿಯುವ ರ‍್ಯಾಂಪಿನಲ್ಲಿ ಹೆಚ್ಚೂಕಡಿಮೆ 77 ಮಿ.ಮೀ. ಆಗುತ್ತದೆ. ಎಂಟಡಿಗೆ ಒಂದಡಿಯ ಕಡಿದಾದ ರ‍್ಯಾಂಪಾದರೆ 96. ಅಂದರೆ ಆ ಜಾಗದ ಮೇಲೆ ತೊಲೆಯೊಂದು ಹಾದುಹೋಗಿದ್ದರೆ 2.2 ಮೀಟರಿನ ಗಾಡಿ ಅಲ್ಲಿ 2.3 ಮೀಟರಿನ ಗಾಡಿಯಾಗಿಬಿಡುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಕ್ಯಾಂಪರಿಗೆ ಬಾಯಲ್ಲೇ ಇನ್ನೊಂದು ಕಾಟ: ಮುಂದಿನ ಚಕ್ರ ಇಳಿಜಾರಿಗೆ ಬಿದ್ದು ಹಿಂದಿನದು ಅಂಚಿನ ಮೇಲಿದ್ದಾಗ ಬಾಲ ಮೇಲೇಳುತ್ತದೆ. ಒಂದೂವರೆ ಮೀಟರ್ ಬಾಲಕ್ಕೆ ಹತ್ತಕ್ಕೊಂದು ಇಳಿಜಾರಿನಲ್ಲಿ 15 ಸೆಂ.ಮೀ.

ತರ್ಟಿ-ಫಾರ್ಟಿ ಸೈಟಿನ ಸ್ವಂತ ಮನೆಯವರು ಅಪಾರ್ಟ್‌ಮೆಂಟಿನವರಿಗಿಂತ ವಾಸಿ. ಸ್ಟಿಲ್ಟಿನಲ್ಲಿ, ಅಂದರೆ ಕಂಬಗಳ ಮೇಲೆ ನಿಂತ ಮನೆಯಡಿಯ ಪಾರ್ಕಿಂಗಿನಲ್ಲಿ, ರ‍್ಯಾಂಪಿನ ಗೋಜು ಕಡಿಮೆ. ಅಳೆಯುವಾಗ ಮಾತ್ರ ಟೇಪನ್ನು ಚಾವಣಿಗೆ ಹಿಡಿಯದೆ ತೊಲೆಯ ಕೆಳಗಂಚಿಗೆ ಹಿಡಿಯಿರಿ, ಗೇಟಿನ ಮೇಲಿನ ಕಮಾನಿದ್ದರೆ ಅದಕ್ಕೂ. ಗೇಟಿನಾಚೆ ರಸ್ತೆಗೆ ಇಳಿಯುವ ಕಲ್ಲಿನ ಇಳಿಜಾರೂ ಒಂದು ಸಣ್ಣ ರ‍್ಯಾಂಪೇ ಎಂಬುದು ನೆನಪಿರಲಿ.

ನಗರದೊಳಗೆ ಓಡಿಸಲು 2.2 ಮೀಟರ್ ತೊಂದರೆ ಕೊಡುವುದಿಲ್ಲ. ಮೆಟ್ರೋ ಕೆಳಗೆ, ಫ್ಲೈಓವರ್ ಕೆಳಗೆ ಯೋಚನೆಯೇ ಬೇಡ. ರೈಲ್ವೆ ಹಳಿಯ ಕೆಳಗಿನ ಹಳೆಯ ತಗ್ಗು ಸೇತುವೆಗಳ ಮುಂದೆ ಎತ್ತರ ತಡೆಯುವ ಕಬ್ಬಿಣದ ಕಮಾನು ನೆಟ್ಟಿರುತ್ತಾರೆ. ಮಡಚುವ ಕ್ಯಾಂಪರಿನ ನಿಜವಾದ ಲಾಭ ಕಾಣುವುದು ಅಲ್ಲಿ, ಆಮೇಲೆ ಸಕಲೇಶಪುರದ ಕಾಫಿ ತೋಟದ ಒಳದಾರಿಗಳಲ್ಲಿ. ಅಡ್ಡ ಬಾಗಿದ ಸಿಲ್ವರ್ ಓಕ್ ಕೊಂಬೆಗೆ ಬೋರ್ಡು ಹಾಕಿರುವುದಿಲ್ಲ.

ಬಿಚ್ಚುವಾಗ ಮೇಲೆ ನೋಡಬೇಕು. ಬೆಂಗಳೂರಿನ ಬಡಾವಣೆಗಳಲ್ಲಿ ಬೆಸ್ಕಾಂ ತಂತಿ ಎಷ್ಟೋ ಮೇಲಿರುತ್ತದೆ, ಕಾಟ ಅದರದ್ದಲ್ಲ. ಮರದಿಂದ ಮರಕ್ಕೆ ಎಳೆದು, ಉಳಿದ ಉದ್ದವನ್ನು ಸುರುಳಿ ಸುತ್ತಿ ಕೊಂಬೆಗೆ ಕಟ್ಟಿದ ಇಂಟರ್ನೆಟ್ ಕೇಬಲ್ಲು ಕೆಲವು ಕಡೆ ಆಳೆತ್ತರಕ್ಕೇ ಇಳಿದಿರುತ್ತದೆ. ಮನೆಮುಂದೆ ಮಾಡು ಎತ್ತಿ ಒಣಗಿಸಬೇಕೆಂದರೆ 2.8 ಮೀಟರ್ ಖಾಲಿ ಆಕಾಶ ಬೇಕು. ಒಣಗಿಸಲೇಬೇಕು ಕೂಡ: ಮಳೆಯಲ್ಲಿ ನೆಂದ ಬಟ್ಟೆಯನ್ನು ಹಾಗೇ ಮಡಚಿಟ್ಟರೆ ನಾಲ್ಕೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ.

ಪೆಟ್ಟಿಗೆ ಬಾಡಿಯೊಳಗೆ ಕೂರುವ ಬಗೆ

ಹೊರದೇಶದಿಂದ ಕ್ಯಾಂಪರ್ ತರಿಸಿದರೆ ಆಯಿತು ಎನ್ನುವವರು ಇಲ್ಲಿ ಎಡವುತ್ತಾರೆ. ಅಮೆರಿಕದ ದೊಡ್ಡ ಪಿಕಪ್‌ಗಳ ಬಾಡಿ ಐದೂವರೆ, ಆರೂವರೆ, ಎಂಟಡಿ ಉದ್ದದಲ್ಲಿ ಬರುತ್ತದೆ. ಒಳಗೆ ಚಕ್ರದ ಉಬ್ಬುಗಳ ನಡುವೆ ನಾಲ್ಕಡಿಗಿಂತ ತುಸು ಹೆಚ್ಚೇ ಅಗಲ, ಎಂಟು-ನಾಲ್ಕರ ಪ್ಲೈವುಡ್ ಹಾಳೆ ಉಬ್ಬುಗಳ ನಡುವೆ ನೆಲಕ್ಕೆ ಚಪ್ಪಟೆಯಾಗಿ ಕೂರಲಿ ಎಂದು. ನಮ್ಮಲ್ಲಿ ಸಿಗುವ ಹೈಲಕ್ಸ್, ವಿ-ಕ್ರಾಸ್‌ಗಳಲ್ಲಿ ಆ ಅಗಲ 1.1 ಮೀಟರ್ ಆಸುಪಾಸು, 43 ಇಂಚು. ಬಾಡಿಯ ಉದ್ದ ಒಂದೂವರೆ ಮೀಟರ್, ಅಂದರೆ ಐದಡಿ. ದೊಡ್ಡ ಗಾಡಿಗೆ ಮಾಡಿದ ಪೆಟ್ಟಿಗೆ ಇಲ್ಲಿ ನೆಲ ಮುಟ್ಟುವುದೇ ಇಲ್ಲ, ಉಬ್ಬುಗಳ ಮೇಲೆ ಕೂತುಬಿಡುತ್ತದೆ. ಅಲ್ಲಿಗೆ ಇಡೀ ಎತ್ತರದ ಲೆಕ್ಕ ಮೇಲಕ್ಕೆ ಹೋಗುತ್ತದೆ.

ಹಾಗಾಗಿ ನಮ್ಮೂರಲ್ಲಿ ಮಾಡಿಸುವುದೇ ದಾರಿ, ಪೀಣ್ಯದ ಶೆಡ್ಡುಗಳಲ್ಲಿ ಕೈ ಪಳಗಿದವರಿದ್ದಾರೆ. ಅನುಭವಸ್ಥ ಫ್ಯಾಬ್ರಿಕೇಟರ್ ನಿಮ್ಮ ಮೊಬೈಲಿನ ಡ್ರಾಯಿಂಗ್ ನೋಡುವುದೇ ಇಲ್ಲ. "ಡ್ರಾಯಿಂಗ್ ಇರ್ಲಿ ಸಾರ್, ಮೊದ್ಲು ಗಾಡಿ ತಂದು ನಿಲ್ಸಿ" ಅನ್ನುತ್ತಾರೆ. ಚಕ್ರದ ಉಬ್ಬಿಗೆ ರಟ್ಟು ಒತ್ತಿ ಕತ್ತರಿಸಿ ಅಚ್ಚು ತೆಗೆಯುತ್ತಾರೆ. ಬಾಡಿಯ ಅಂಚಿನ ಎತ್ತರವನ್ನು ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಅಳೆಯುತ್ತಾರೆ, ಯಾಕೆಂದರೆ ಅಂಚು ಎಲ್ಲ ಗಾಡಿಗಳಲ್ಲೂ ಸಮ ಇರುವುದಿಲ್ಲ. ಆಮೇಲೆ ಒಂದು ಕೆಲಸ ಮಾಡುತ್ತಾರೆ, ಅದನ್ನು ನಿಂತು ನೋಡಬೇಕು: ಹಿಂದಿನ ಒಂದೇ ಚಕ್ರದ ಕೆಳಗೆ ಮುಕ್ಕಾಲಡಿ ದಪ್ಪದ ಮರದ ದಿಮ್ಮಿ ಇಟ್ಟು ಗಾಡಿಯನ್ನು ಅದರ ಮೇಲೆ ಹತ್ತಿಸಿ, ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿನಲ್ಲಿ ಬೆರಳು ಇಳಿಸಿ ನೋಡುತ್ತಾರೆ. ಒಂದು ಮೂಲೆಯಲ್ಲಿ ಸಂದು ಹಿಗ್ಗಿರುತ್ತದೆ, ಇನ್ನೊಂದರಲ್ಲಿ ಕುಗ್ಗಿರುತ್ತದೆ.

ಮೊದಲು ಬಿಟ್ಟ 90 ಮಿ.ಮೀ. ಇದಕ್ಕಾಗಿಯೇ. ಪಿಕಪ್ಪಿನಲ್ಲಿ ಕ್ಯಾಬಿನ್ನು ಬೇರೆ, ಬಾಡಿ ಬೇರೆ. ಎರಡೂ ಒಂದೇ ಚಾಸಿಯ ಮೇಲೆ ಬೇರೆಬೇರೆಯಾಗಿ ಕೂತಿವೆ. ಹಳ್ಳಕೊಳ್ಳದಲ್ಲಿ ಚಾಸಿ ತಿರುಚಿದಾಗ ಎರಡೂ ಒಂದೊಂದು ಕಡೆಗೆ ವಾಲುತ್ತವೆ. ಕ್ಯಾಂಪರ್ ಬಾಡಿಯ ಜೊತೆಗಿರುವುದರಿಂದ ಅದರ ಚಾಚು ಕ್ಯಾಬಿನ್ ಮಾಡಿನ ಮೇಲೆ ಅತ್ತಿತ್ತ ಆಡುತ್ತದೆ, ತುದಿಗೆ ಹೋದಷ್ಟೂ ಹೆಚ್ಚು. ಎರಡಿಂಚು ಬಿಟ್ಟವರ ಮಾಡಿನ ಪೇಂಟು ಒಂದೇ ಘಾಟಿಯಲ್ಲಿ ಕಿತ್ತುಬಂದಿರುತ್ತದೆ. ಶಾರ್ಕ್ ಫಿನ್ ಆಂಟೆನಾ ಇದ್ದರೆ ಅದರ ತುದಿಯಿಂದ ಅಳೆಯಬೇಕು. ಕ್ಯಾಬಿನ್ನಿನ ಹಿಂದಿನ ಗಾಜಿಗೂ ಪೆಟ್ಟಿಗೆಯ ಮುಂಗೋಡೆಗೂ ಎರಡಿಂಚಾದರೂ ಬಿಡುವುದು ಒಳ್ಳೆಯದು. ಪೆಟ್ಟಿಗೆಯ ಎರಡೂ ಬದಿ ಬಾಡಿಯ ಅಂಚಿನಾಚೆಗೆ ಚಾಚಿದ ರೆಕ್ಕೆಗಳು ಆ ಅಂಚಿನ ಮೇಲೆ ಕೂರಕೂಡದು, ತೂಕವೆಲ್ಲ ನೆಲಕ್ಕೇ ಇಳಿಯಬೇಕು. ಅಂಚಿಗೂ ರೆಕ್ಕೆಗೂ ಒಂದಿಂಚು ಸಂದು ಸಾಕು. ಕೆಳಗೆ ರಬ್ಬರ್ ಮ್ಯಾಟ್ ಹಾಸಿದರೆ ಪೆಟ್ಟಿಗೆ ಜಾರುವುದಿಲ್ಲ, ಆದರೆ ಮ್ಯಾಟಿನ ದಪ್ಪವನ್ನೂ ಎತ್ತರಕ್ಕೆ ಸೇರಿಸಿ. ದಪ್ಪ ಟೈರು ಹಾಕಿಸಿದ್ದರೂ ಅಷ್ಟೇ: 265/65 ಆರ್17ರ ಬದಲು 265/70 ಆರ್17 ಹಾಕಿದರೆ ಗಾಡಿ 13 ಮಿ.ಮೀ. ಏರುತ್ತದೆ.

ಹಿಂದಕ್ಕೆ ಎಷ್ಟು ಚಾಚಬಹುದು? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮದ ಪ್ರಕಾರ ಹಿಂದಿನ ಚಾಚು ವೀಲ್‌ಬೇಸಿನ ಶೇ. 60 ಮೀರುವಂತಿಲ್ಲ. ಹೈಲಕ್ಸಿಗೆ ಅದು 1.85 ಮೀಟರ್. ಗಾಡಿಯದೇ ಸುಮಾರು ಒಂದೂಕಾಲು ಮೀಟರ್ ಇರುವುದರಿಂದ ಕಾಗದದ ಮೇಲೆ 60 ಸೆಂ.ಮೀ. ಸಿಗುತ್ತದೆ. ಹಿಂದಿನ ಡೋರ್ ಬಿಚ್ಚಿಟ್ಟು ಪೆಟ್ಟಿಗೆಯನ್ನು ಒಂದಡಿ ಹೊರಚಾಚುವುದು ವಾಡಿಕೆ. ನಂಬರ್ ಪ್ಲೇಟು, ಟೇಲ್ ಲೈಟು ಮುಚ್ಚಿಹೋದರೆ ಹೊಸದಾಗಿ ಹಾಕಿಸಬೇಕು. ನೆಲದ ಕಡೆಯಿಂದ ಚಾಚು ಅಷ್ಟೇನೂ ಅಪಾಯವಲ್ಲ: ಕ್ಯಾಂಪರಿನ ತಳ ಬಂಪರಿಗಿಂತ ಮೇಲಿರುವುದರಿಂದ ರಸ್ತೆಯ ಹಂಪಿಗೆ (ಸ್ಪೀಡ್ ಬ್ರೇಕರಿಗೆ) ತಾಗುವುದು ಬಂಪರೇ ಹೊರತು ಅದಲ್ಲ. ತಾಗುವುದು ಅದರಡಿಗೆ ಜೋತುಬಿಟ್ಟ ಮೆಟ್ಟಿಲು, ಬಚ್ಚಲ ನೀರಿನ ಪೈಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಹಂಪಿಗೆ ಯಾವ ಕಾಂಗ್ರೆಸ್ಸೂ ಗೊತ್ತಿಲ್ಲ.

ಚಾಚಿನ ನಿಜವಾದ ತೊಡಕು ತೂಕದ್ದು. ಡಬಲ್ ಕ್ಯಾಬ್ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ ಬಾಡಿಯ ನಡುಮಧ್ಯದಲ್ಲಿ ಇರುವುದಿಲ್ಲ, ಅದಕ್ಕಿಂತ ಮುಂದಕ್ಕಿರುತ್ತದೆ. ಬಾಡಿಯಲ್ಲಿ ಸಮವಾಗಿ ಹೇರಿದ ಹೊರೆಯ ಭಾರ ಆಕ್ಸಲಿನ ಹಿಂದೆ ಬೀಳುತ್ತದೆ. 400 ಕೆಜಿಯ ಕೇಂದ್ರ ಆಕ್ಸಲಿನಿಂದ 30 ಸೆಂ.ಮೀ. ಹಿಂದಿದ್ದರೆ ಮುಂದಿನ ಚಕ್ರಗಳ ಮೇಲಿನ ಭಾರ 39 ಕೆಜಿ ಕಡಿಮೆಯಾಗುತ್ತದೆ. ಸ್ಟೇರಿಂಗು ಹಗುರವಾದಂತೆ ಅನಿಸುವುದು, ಬ್ರೇಕ್ ಹಿಡಿದಾಗ ಮುಂಭಾಗ ಕಚ್ಚದಿರುವುದು ಇದರಿಂದಲೇ. ಆದ್ದರಿಂದ ಬ್ಯಾಟರಿ, ನೀರಿನ ಟ್ಯಾಂಕು ಕ್ಯಾಬಿನ್ನಿಗೆ ಅಂಟಿಕೊಂಡು ಮುಂಗೋಡೆಯ ಬುಡದಲ್ಲಿ ಕೂರಬೇಕು. ಅಡುಗೆ ಕಟ್ಟೆಯನ್ನು ಹಿಂಬಾಗಿಲ ಪಕ್ಕ ಇಡಬಹುದು, ಪಾತ್ರೆ ಪಗಡೆಗೆ ಎಷ್ಟು ತೂಕ.

ಒಟ್ಟು ತೂಕದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎತ್ತರ ಜಾಸ್ತಿಯಾದರೆ ರಸ್ತೆಬದಿಯಲ್ಲಿ ನಿಲ್ಲಿಸಿಕೊಳ್ಳಬಹುದು, ತೂಕ ಜಾಸ್ತಿಯಾದರೆ ಚಾರ್ಮಾಡಿಯಲ್ಲಿ ಬ್ರೇಕು ಬಿಸಿಯಾಗುತ್ತದೆ. ನಿಮ್ಮ ಆರ್‌ಸಿ ತೆಗೆದು ನೋಡಿ: ಖಾಲಿ ತೂಕ ಒಂದು, ಒಟ್ಟು ತೂಕ ಇನ್ನೊಂದು. ಕಳೆದರೆ ಬರುವುದೇ ನಿಮ್ಮ ಬಂಡವಾಳ. ನಮ್ಮಲ್ಲಿನ ಬಿಳಿ ಬೋರ್ಡಿನ ಡಬಲ್ ಕ್ಯಾಬ್‌ಗಳಲ್ಲಿ ಅದು ಅರ್ಧ ಟನ್ನಿಗಿಂತ ಕಡಿಮೆ. 450 ಬಂತು ಎಂದುಕೊಳ್ಳಿ. ಗಂಡಹೆಂಡತಿ 140. ನೀರು 40 ಲೀಟರ್ ಅಂದರೆ 40 ಕೆಜಿ. ಬಟ್ಟೆಬರೆ, ಪಾತ್ರೆ, ಸ್ಟವ್ವು, ಸಣ್ಣ ಸಿಲಿಂಡರ್ ಎಲ್ಲ ಸೇರಿ 60. ಮನೆಯ ಯುಪಿಎಸ್ಸಿನ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಎತ್ತಿಟ್ಟರೆ 50ರ ಮೇಲೆ, ಲಿಥಿಯಂ ಆದರೆ ಹನ್ನೆರಡರ ಆಸುಪಾಸು. ಲಿಥಿಯಂ ಹಾಕಿಕೊಂಡರೂ ಪೆಟ್ಟಿಗೆಗೆ ಉಳಿಯುವುದು 200ಕ್ಕೆ ಒಂದೆರಡು ಕೆಜಿ ಕಡಿಮೆ. ಅಮೆರಿಕದ ಪೂರ್ಣ ಸಜ್ಜಿನ ಪಾಪ್-ಅಪ್‌ಗಳು ಖಾಲಿಯಾಗಿಯೇ 450-500 ಕೆಜಿ ದಾಟುವುದು ಸಾಮಾನ್ಯ.

200ರೊಳಗೆ ಮಾಡಲು ಆಗುತ್ತದೆ, ಆದರೆ ಬಡಗಿಯ ಕೈಗೆ ಕೊಟ್ಟರೆ ಆಗುವುದಿಲ್ಲ. 18 ಮಿ.ಮೀ. ಪ್ಲೈವುಡ್ಡಿನ ಒಂದೇ ಹಾಳೆ 30 ಕೆಜಿ ಮೀರುತ್ತದೆ, ಅಂಥ ಐದು ಹಾಳೆಯ ವಾರ್ಡ್‌ರೋಬ್ ಮಾಡಿದರೆ ಗೋಡೆಗೆ ತೂಕವೇ ಉಳಿಯುವುದಿಲ್ಲ. ಚೌಕಟ್ಟಿಗೆ ಕಬ್ಬಿಣದ ಬದಲು ಅಲ್ಯೂಮಿನಿಯಂ ಚೌಕ ಪೈಪು (ಅಷ್ಟೇ ಗಾತ್ರಕ್ಕೆ ಮೂರನೇ ಒಂದು ಭಾಗದಷ್ಟು ತೂಕ), ಗೋಡೆಗೆ ತೆಳು ತಗಡು ಮತ್ತು ಫೋಮು, ಒಳಗೆ ಕಪಾಟಿನ ಬದಲು ಬಟ್ಟೆಯ ಜೇಬು. ಮುಗಿದ ಮೇಲೆ ನೀರು ತುಂಬಿಸಿ, ಇಬ್ಬರೂ ಕೂತು ವೇಬ್ರಿಡ್ಜಿಗೆ ಹತ್ತಿಸಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಇಡೀ ಗಾಡಿ ಹತ್ತಿಸಿ ಇನ್ನೊಂದು. ಎರಡು ಚೀಟಿಯಿದ್ದರೆ ಯಾವ ಆಕ್ಸಲಿನ ಮೇಲೆ ಎಷ್ಟು ಎಂಬುದು ತಾನೇ ತಿಳಿಯುತ್ತದೆ.

ಬೊಲೆರೊ ಪಿಕಪ್ಪಿನಂಥ ಸಿಂಗಲ್ ಕ್ಯಾಬ್ ಗಾಡಿಗಳು ಟನ್ನುಗಟ್ಟಲೆ ಹೊರುತ್ತವೆ, ಹತ್ತಡಿ ಬಾಡಿಯೂ ಸಿಗುತ್ತದೆ. ಅಳತೆಯ ದೃಷ್ಟಿಯಿಂದ ಕ್ಯಾಂಪರಿಗೆ ಅವೇ ಸರಿ. ಆದರೆ ಅವು ಹಳದಿ ಬೋರ್ಡಿನ ಸರಕು ಗಾಡಿಗಳು, ಅದರ ನಿಯಮಗಳೇ ಬೇರೆ. ಬಿಳಿ ಬೋರ್ಡಿನದ್ದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕೊರೆದು ವೆಲ್ಡ್ ಮಾಡಿ ಕೂರಿಸುವುದಕ್ಕೂ, ಬೇಕೆಂದಾಗ ಇಳಿಸಬಹುದಾದ ಪೆಟ್ಟಿಗೆಯನ್ನು ಬಾಡಿಯ ಕೊಕ್ಕೆಗಳಿಗೆ ಬಿಗಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಲಸಕ್ಕೆ ಕೈಹಾಕುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಓಡುವಾಗ ಒಳಗೆ ಯಾರೂ ಕೂರುವಂತಿಲ್ಲ, ಮಕ್ಕಳಂತೂ ಖಂಡಿತ ಬೇಡ.

ಇಳಿಸುವ ಪೆಟ್ಟಿಗೆಯೆಂದರೆ ನಾಲ್ಕು ಮೂಲೆಗೆ ನಾಲ್ಕು ಜಾಕಿ ಕಾಲು ಬೇಕು. ಅದಕ್ಕೂ ಅಳತೆ ಇದೆ. ಹೈಲಕ್ಸಿನ ಅಗಲ 1,855 ಮಿ.ಮೀ. ಕಾಲುಗಳ ಒಳ ಅಂತರ ಎರಡು ಮೀಟರಿಗಿಂತ ಕಡಿಮೆಯಿದ್ದರೆ ರಿವರ್ಸ್ ತೆಗೆಯುವಾಗ ಬೆವರಿಳಿಯುತ್ತದೆ. ಕನ್ನಡಿ ಮಡಚಿಕೊಂಡೇ ಹೋಗಬೇಕು. ಪೆಟ್ಟಿಗೆಯ ತಳವನ್ನು ಬಾಡಿಯ ನೆಲಕ್ಕಿಂತ ಮೂರ್ನಾಲ್ಕು ಇಂಚು ಮೇಲಕ್ಕೆ ಎತ್ತಬೇಕು, ಖಾಲಿ ಗಾಡಿಯ ಹಿಂಭಾಗ ಹೊರೆ ಇದ್ದಾಗಿನದಕ್ಕಿಂತ ಮೇಲೆದ್ದಿರುತ್ತದೆ ಎಂಬುದನ್ನೂ ಸೇರಿಸಿಕೊಂಡು. ಬಸವನಗುಡಿ, ಹನುಮಂತನಗರದ ಏರುರಸ್ತೆಗಳಲ್ಲಿ ಈ ಕೆಲಸ ಮಾಡಲೇಬೇಡಿ. ಸಮನೆಲ ಬೇಕು, ಜಾಕಿಯ ಪಾದದ ಕೆಳಗೆ ಹಲಗೆ ಬೇಕು, ನಾಲ್ಕೂ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಎತ್ತುವ ತಾಳ್ಮೆಯಿರುವ ಇನ್ನೊಬ್ಬರೂ ಬೇಕು. ಇಳಿಸಿದ ಮೇಲೆ ಪೆಟ್ಟಿಗೆಯನ್ನು ಆ ಉದ್ದ ಕಾಲುಗಳ ಮೇಲೇ ತಿಂಗಳುಗಟ್ಟಲೆ ನಿಲ್ಲಿಸದೆ, ಅರ್ಧಕ್ಕೆ ತಗ್ಗಿಸಿ ತಳಕ್ಕೆ ಸಿಮೆಂಟ್ ಇಟ್ಟಿಗೆ ಕೊಡಿ.